ಜೇಬಿನಲ್ಲಿ ಕಸಿ ಚಾಕು ಇದ್ದರೆ ಕೇಸ್ ಆಗುತ್ತಾ?

ಮಾವಿನತೋಪು (ಶ್ರೀನಿವಾಸಪುರ):
ಎಲ್ಲರಿಗೂ ನಮಸ್ಕಾರ. ನಾನು ಹದಿನಾರು ವರ್ಷದಿಂದ ಮಾವಿನ ಕಸಿ ಕಟ್ಟುತ್ತಿದ್ದೇನೆ. ನರ್ಸರಿಯವರು, ತೋಟದವರು ಕರೆದ ಕಡೆ ಹೋಗುತ್ತೇನೆ. ಬಾದಾಮಿ, ರಸಪುರಿ, ಮಲ್ಲಿಕಾ, ಏನು ಕೇಳಿದರೂ ಕಟ್ಟಿಕೊಡುತ್ತೇನೆ. ಮಳೆ ಹಿಡಿದ ಮೇಲೆ ಎರಡು ಮೂರು ತಿಂಗಳು ನಮಗೆ ಪುರುಸೊತ್ತೇ ಇರುವುದಿಲ್ಲ.

ಮೊನ್ನೆ ಗುರುವಾರ ಚಿಂತಾಮಣಿ ಕಡೆ ಒಂದು ತೋಟದಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಬರುತ್ತಿದ್ದೆ. ರಾತ್ರಿ ಎಂಟೂವರೆ ಆಗಿತ್ತು. ಹಿಂದೆ ಕೆಲಸ ಕಲಿಯುವ ಹುಡುಗ ಕೂತಿದ್ದ. ದಾರಿಯಲ್ಲಿ ಪೊಲೀಸರು ಗಾಡಿ ತಡೆದು ನೋಡುತ್ತಿದ್ದರು. ಡಿಎಲ್, ಇನ್ಶೂರೆನ್ಸ್ ಎಲ್ಲ ಸರಿ ಇತ್ತು. ಜೇಬು ಮುಟ್ಟಿ ನೋಡಿದರು, ಕಸಿ ಚಾಕು ಸಿಕ್ಕಿತು. ಮಡಚುವ ಚಾಕು. ಅಲಗು ಮೂರು ಇಂಚೂ ಇಲ್ಲ, ಮರದ ಹಿಡಿ. "ಬಟನ್ ಚಾಕು ಇಟ್ಕೊಂಡು ಓಡಾಡ್ತೀಯಾ? ಆರ್ಮ್ಸ್ ಆಕ್ಟ್ ಹಾಕ್ತೀನಿ" ಅಂದರು. ಕೈ ತೋರಿಸಿದೆ. ಹೆಬ್ಬೆರಳಿನ ತುಂಬ ಹಳೇ ಗಾಯದ ಗೆರೆ, ಮಾವಿನ ಸೊನೆಯ ಕಲೆ. ಅವರು ನೋಡಲಿಲ್ಲ. ಒಂದು ಗಂಟೆ ನಿಲ್ಲಿಸಿ, ಚಾಕು ಇಟ್ಟುಕೊಂಡು, ಸ್ಟೇಷನ್ನಿಗೆ ಬಾ ಅಂತ ಹೇಳಿ ಕಳಿಸಿದರು. ಚೀಟಿ ಏನೂ ಕೊಡಲಿಲ್ಲ.

ಹುಡುಗ ಮರುದಿನದಿಂದ ಕೆಲಸಕ್ಕೆ ಬಂದಿಲ್ಲ. ಅವನ ತಾಯಿ ಕಳಿಸಲ್ಲ ಅನ್ನುತ್ತಿದ್ದಾರೆ.

ನಾನು ಇನ್ನೂ ಸ್ಟೇಷನ್ನಿಗೆ ಹೋಗಿಲ್ಲ. ಹೋಗಲು ಧೈರ್ಯ ಸಾಲುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ. ಚಾಕು ಇಟ್ಟುಕೊಳ್ಳುವುದು ನಿಜವಾಗಿಯೂ ತಪ್ಪಾ? ಎಷ್ಟು ಉದ್ದದವರೆಗೆ ಇಟ್ಟುಕೊಳ್ಳಬಹುದು?

ಹೆದ್ದಾರಿ ಹುಡುಗ (ಮುಳಬಾಗಿಲು):
ಅಣ್ಣ, ಭಯ ಬೀಳಬೇಡಿ. ಆರು ಇಂಚಿಗಿಂತ ಚಿಕ್ಕದಿದ್ದರೆ ಯಾರೂ ಏನೂ ಮಾಡುವ ಹಾಗಿಲ್ಲ. ಒಂದು ವಿಡಿಯೋದಲ್ಲಿ ನೋಡಿದ್ದೇನೆ.

ಬೆಟ್ಟದ ದಾರಿ (ಚಿಕ್ಕಬಳ್ಳಾಪುರ):
ಆರಲ್ಲ, ಮೂರು ಇಂಚು. 7.62 ಸೆಂಟಿಮೀಟರ್ ಅಂತ ಬರೆದಿದೆ. ನಾನು ಬೆಟ್ಟ ಹತ್ತಲು ಹೋಗುವಾಗ ಸಣ್ಣ ಚಾಕು ಒಯ್ಯುತ್ತೇನೆ, ಅದಕ್ಕೇ ಹುಡುಕಿ ಓದಿದ್ದೆ.

ರೇಷ್ಮೆಗೂಡು (ಶಿಡ್ಲಘಟ್ಟ):
ನಮ್ಮ ಪರಿಚಯದ ಲಾಯರ್ ಒಬ್ಬರು ಒಂಬತ್ತು ಇಂಚು ಅಂದಿದ್ದರು. ಒಬ್ಬೊಬ್ಬರು ಒಂದೊಂದು ಹೇಳಿದರೆ ಪಾಪ ಅವರು ಯಾವುದನ್ನು ನಂಬಬೇಕು?

ಕರಿಕೋಟು (ಕೋಲಾರ):
ನಾನು ಕೋಲಾರದಲ್ಲಿ ವಕೀಲಿ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೂರು ಅಳತೆಯೂ ನಿಜವೇ. ಆದರೆ ಮೂರೂ ಬೇರೆ ಬೇರೆ ಕಡೆಯಿಂದ ಬಂದವು.

ಒಂಬತ್ತು ಇಂಚು ಬಂದದ್ದು ಆಯುಧ ನಿಯಮಗಳಿಂದ. 1962ರ ನಿಯಮಗಳಲ್ಲಿ ಇತ್ತು, 2016ರ ಹೊಸ ನಿಯಮಗಳಲ್ಲೂ ಉಳಿದಿದೆ. ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಚೂರಿ ಮುಂತಾದವನ್ನು ಅಲ್ಲಿ ಐದನೇ ವರ್ಗದ ಆಯುಧ ಅಂತ ಸೇರಿಸಿದ್ದಾರೆ. ಜೊತೆಗೇ ಇನ್ನೊಂದು ಮಾತೂ ಇದೆ, ಅದನ್ನು ಜನ ಓದುವುದಿಲ್ಲ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆ ಕೆಲಸಕ್ಕೆ ಅಂತ ಮಾಡಿದ್ದನ್ನು ಬಿಟ್ಟು.

ಮೂರು ಇಂಚು ದೆಹಲಿಯದು. 1980ರ ಅಕ್ಟೋಬರ್‌ನಲ್ಲಿ ದೆಹಲಿ ಆಡಳಿತ ಸ್ಪ್ರಿಂಗ್ ಚಾಕು ಮುಂತಾದವುಗಳ ಮೇಲೆ ಒಂದು ಅಧಿಸೂಚನೆ ಹೊರಡಿಸಿತು. ಉದ್ದ 7.62 ಸೆಂ.ಮೀ., ಅಗಲ 1.72 ಸೆಂ.ಮೀ. ಅನ್ನುವ ಲೆಕ್ಕ ಅದರದು. ಅದು ಆ ಊರಿಗೆ ಸೇರಿದ ಮಾತು. ಕೋಲಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಆರು ಇಂಚು ವಿಮಾನದ್ದು. ದೇಶದೊಳಗಿನ ವಿಮಾನದಲ್ಲಿ ಸಿಖ್ ಪ್ರಯಾಣಿಕರು ಕಿರ್ಪಾನ್ ಧರಿಸಬಹುದು. ಅದರ ಅಲಗು ಆರು ಇಂಚು ಮೀರಬಾರದು, ಒಟ್ಟು ಉದ್ದ ಒಂಬತ್ತು ಇಂಚು ಮೀರಬಾರದು. ಈ ನಿಯಮವನ್ನು ಯಾರೋ ವಿಡಿಯೋದಲ್ಲಿ ಎಲ್ಲರಿಗೂ ಅನ್ವಯಿಸಿಬಿಟ್ಟಿದ್ದಾರೆ.

ಈಗ ನಮ್ಮ ವಿಷಯ. 1959ರ ಆಯುಧ ಕಾಯ್ದೆ, ಅಂದರೆ ಎಲ್ಲರೂ ಆರ್ಮ್ಸ್ ಆಕ್ಟ್ ಅನ್ನುವುದು, ಆಯುಧ ಅಂದರೆ ಏನು ಅಂತ ಕಲಂ 2ರಲ್ಲೇ ಹೇಳುತ್ತದೆ. ಹೊಡೆಯಲು ಅಥವಾ ರಕ್ಷಣೆಗೆ ಆಯುಧವಾಗಿ ಮಾಡಿದ ವಸ್ತು, ಅಥವಾ ಹಾಗೆ ಮಾರ್ಪಡಿಸಿದ ವಸ್ತು. ಬರೀ ಮನೆಗೆಲಸಕ್ಕೆ, ಬೇಸಾಯಕ್ಕೆ ಮಾಡಿದ್ದು ಆಯುಧವಲ್ಲ. ಲಾಠಿ, ಸಾಮಾನ್ಯ ಊರುಗೋಲು ಅಂತ ಕಾಯ್ದೆಯೇ ಉದಾಹರಣೆ ಕೊಟ್ಟಿದೆ. ಕಸಿ ಚಾಕು ತೋಟದ ಕೆಲಸದ್ದು. ಒಂದು ಕಡೆ ಮಾತ್ರ ಮಸೆದ ಅಲಗು ನೋಡಿದರೇ ಗೊತ್ತಾಗುತ್ತದೆ.

ಇನ್ನೂ ಒಂದಿದೆ. ಬಂದೂಕಿಗೆ ದೇಶದ ಎಲ್ಲ ಕಡೆ ಲೈಸೆನ್ಸ್ ಬೇಕು. ಚೂರಿ ಕತ್ತಿಗೆ ಹಾಗಲ್ಲ. ಕಲಂ 4ರ ಪ್ರಕಾರ ಕೇಂದ್ರ ಸರ್ಕಾರ ಇಂಥ ಪ್ರದೇಶ, ಇಂಥ ಆಯುಧ ಅಂತ ಗೆಜೆಟ್‌ನಲ್ಲಿ ಅಧಿಸೂಚನೆ ಮಾಡಬೇಕು. ಆ ಪ್ರದೇಶದಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಕಲಂ 25(1ಬಿ)(ಬಿ) ಬರುತ್ತದೆ. ಒಂದರಿಂದ ಮೂರು ವರ್ಷ ಜೈಲು, ದಂಡ. ಹಾಗಾಗಿ ಆ ಕಲಂ ಹಾಕಿದ ಕೇಸು ನಮ್ಮ ಕೈಗೆ ಬಂದರೆ ಮೊದಲು ಕೇಳುವುದು ಒಂದೇ: ಯಾವ ಅಧಿಸೂಚನೆ, ಯಾವ ತಾರೀಕು, ಯಾವ ಅಳತೆ?

2025ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಒಂದು ಬಟನ್ ಚಾಕು ಕೇಸನ್ನೇ ರದ್ದು ಮಾಡಿತು. ಮೇಲೆ ಹೇಳಿದ 1980ರ ಅಧಿಸೂಚನೆ ಇರುವುದು ತಯಾರಿಕೆ, ಮಾರಾಟ, ಮಾರಾಟಕ್ಕಾಗಿ ಇಟ್ಟುಕೊಳ್ಳುವುದು ಇಂಥದ್ದಕ್ಕೆ. ಆ ವ್ಯಕ್ತಿ ಅದಕ್ಕಾಗಿ ಇಟ್ಟುಕೊಂಡಿದ್ದ ಅಂತ ಚಾರ್ಜ್‌ಶೀಟಿನಲ್ಲಿ ಎಲ್ಲೂ ಇರಲಿಲ್ಲ.

ಮಾವಿನತೋಪು ಅವರೇ, ನೀವು ತಪ್ಪು ಮಾಡಿಲ್ಲ. ಧೈರ್ಯವಾಗಿ ಹೋಗಿ.

ಹೆದ್ದಾರಿ ಹುಡುಗ (ಮುಳಬಾಗಿಲು):
ಸರ್, ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಕ್ಷಮಿಸಿ. ಹಾಗಾದರೆ ಕರ್ನಾಟಕದಲ್ಲಿ ಸಣ್ಣ ಚಾಕು ಯಾವಾಗ ಬೇಕಾದರೂ ಇಟ್ಟುಕೊಳ್ಳಬಹುದು ಅಂತ ಅರ್ಥವಾ?

ಕರಿಕೋಟು (ಕೋಲಾರ):
ಇಲ್ಲ, ಅಲ್ಲೇ ಎಡವುವುದು. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 35 ಇದೆ. ಅದರ ಕೆಳಗೆ ಕತ್ತಿ, ಭರ್ಜಿ, ದೊಣ್ಣೆ, ಚಾಕು ಒಯ್ಯಬಾರದು ಅಂತ ಆದೇಶ ಹೊರಡಿಸಬಹುದು. ಹಬ್ಬ, ಮೆರವಣಿಗೆ, ಚುನಾವಣೆ, ಗಲಾಟೆ ಇದ್ದಾಗ ಇದನ್ನು ಬಳಸುತ್ತಾರೆ. ಹಿಂದೆ 144 ಅಂತಿದ್ದೆವಲ್ಲ, ಅದು 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163 ಆಗಿದೆ. ಅಂಥ ಆದೇಶ ಜಾರಿಯಲ್ಲಿರುವ ದಿನ ನೋಡಬೇಕಾದ್ದು ಆದೇಶದಲ್ಲಿ ಏನು ಬರೆದಿದೆ ಅನ್ನುವುದನ್ನು. ಮೂರು ಇಂಚು, ಒಂಬತ್ತು ಇಂಚು ಅಂತ ವಾದ ಮಾಡಿ ಪ್ರಯೋಜನ ಇಲ್ಲ.

ಪೊಲೀಸ್ ಕಾಯ್ದೆಯಲ್ಲೇ ಇನ್ನೊಂದಿದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ಅಪರಾಧ ಮಾಡುವ ಉದ್ದೇಶದಿಂದ ಅಪಾಯಕಾರಿ ಸಾಧನ ಇಟ್ಟುಕೊಂಡು ತಿರುಗುವುದು ಶಿಕ್ಷೆಗೆ ದಾರಿ. ಇದರಲ್ಲಿ ಉದ್ದೇಶ ಅನ್ನುವ ಪದವೇ ಮುಖ್ಯ.

ತೆಂಗಿನ ಗರಿ (ತಿಪಟೂರು):
ನಮ್ಮಪ್ಪ ಎಳನೀರು ಮಾರುತ್ತಾರೆ. ಅವರ ಮಚ್ಚು ಎರಡು ಇಂಚಿಗಿಂತ ಜಾಸ್ತಿ ಅಗಲ ಇದೆ. ತಳ್ಳುಗಾಡಿ ಮೇಲೆ ದಿನವೆಲ್ಲ ಇರುತ್ತದೆ, ಪೊಲೀಸರೇ ಬಂದು ಎಳನೀರು ಕುಡಿದು ಹೋಗುತ್ತಾರೆ. ಒಂದು ಸಲ ಗಾಡಿ ಕೆಟ್ಟಿತು. ಅಪ್ಪ ಮಚ್ಚನ್ನು ಟವೆಲ್‌ನಲ್ಲಿ ಸುತ್ತಿ ಸ್ಕೂಟರಿನ ಸೀಟಿನ ಕೆಳಗೆ ಇಟ್ಟುಕೊಂಡು ಮನೆಗೆ ಬರುತ್ತಿದ್ದರು. ಅದೇ ಊರು, ಅದೇ ಮಚ್ಚು, ಅದೇ ಮನುಷ್ಯ. ಆದರೂ ಹಿಡಿದು ಕೂರಿಸಿದರು. ರಾತ್ರಿ ಹತ್ತರವರೆಗೂ ನಾವು ಮನೆಯಲ್ಲಿ ಕಾಯುತ್ತಾ ಕೂತಿದ್ದೆವು. ಅವತ್ತು ಅಪ್ಪ ಊಟ ಮಾಡಲಿಲ್ಲ. "ನಲವತ್ತು ವರ್ಷ ಇದೇ ಮಚ್ಚಲ್ಲಿ ಅನ್ನ ತಿಂದಿದ್ದೀವಿ" ಅಂದರು ಅಷ್ಟೇ. ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಹಳೇ ಖಾಕಿ (ಚಿಂತಾಮಣಿ):
ನಾನು ನಿವೃತ್ತ ಹೆಡ್ ಕಾನ್ಸ್‌ಟೇಬಲ್. ಇಲಾಖೆಯ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಾತ್ರಿ ಬೀಟಿನಲ್ಲಿ ಒಬ್ಬನ ಹತ್ತಿರ ಚಾಕು ಸಿಕ್ಕರೆ ನಾವು ಟೇಪು ಹಿಡಿದು ಅಳೆಯುವುದಿಲ್ಲ. ಎಲ್ಲಿ ಇಟ್ಟಿದ್ದಾನೆ, ಎಷ್ಟು ಹೊತ್ತು, ಜೊತೆಗೆ ಯಾರಿದ್ದಾರೆ, ಕುಡಿದಿದ್ದಾನಾ, ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುತ್ತಾನಾ, ಇಷ್ಟು ನೋಡುತ್ತೇವೆ. ಸೊಂಟದಲ್ಲಿ, ಕಾಲುಚೀಲದಲ್ಲಿ ಸಿಕ್ಕಿಸಿಕೊಂಡಿದ್ದರೆ ಅನುಮಾನ ಬಂದೇ ಬರುತ್ತದೆ. ತಿಪಟೂರಿನ ತಮ್ಮಾ, ನಿಮ್ಮ ಅಪ್ಪನಿಗೆ ಆದದ್ದೂ ಅದೇ. ಗಾಡಿ ಮೇಲಿದ್ದಾಗ ಮಚ್ಚಿನ ಪಕ್ಕದಲ್ಲಿ ಎಳನೀರು ಇತ್ತು, ಯಾರೂ ಕೇಳಬೇಕಾಗಿರಲಿಲ್ಲ. ಸೀಟಿನ ಕೆಳಗೆ ಬರೀ ಮಚ್ಚು ಇತ್ತು. ಅವರಿಗೆ ನೋವಾಗಿದ್ದು ಸರಿಯಲ್ಲ, ನನಗೂ ಬೇಸರ ಆಯಿತು. ಆದರೆ ಸೀಟಿನ ಕೆಳಗೆ ಲಾಂಗು ಇಟ್ಟುಕೊಂಡು ಹೊಡೆದಾಟಕ್ಕೆ ಹೊರಟವರನ್ನೂ ನಾನು ಹಿಡಿದಿದ್ದೇನೆ. ಅವತ್ತು ಬಿಟ್ಟು ಕಳಿಸಿದ್ದರೆ ಬೆಳಗಾಗುವಷ್ಟರಲ್ಲಿ ಒಂದು ಹೆಣ ಬೀಳುತ್ತಿತ್ತು.

ಇನ್ನು ಬಟನ್ ಚಾಕು ವಿಷಯ. ನಮ್ಮ ಕಡೆ ಮಡಚುವ ಚಾಕುಗಳನ್ನೆಲ್ಲ ಬಟನ್ ಚಾಕು ಅಂದುಬಿಡುತ್ತಾರೆ. ಅದು ತಪ್ಪು. ಗುಂಡಿ ಒತ್ತಿದ ಕೂಡಲೇ ಸ್ಪ್ರಿಂಗಿನಿಂದ ಅಲಗು ಚಿಮ್ಮಬೇಕು, ಅದು ಬಟನ್ ಚಾಕು. ಉಗುರಿನಿಂದ ಎಳೆದು ಬಿಡಿಸುವುದು ಬರೀ ಮಡಚುವ ಚಾಕು. ಹೊಸ ಹುಡುಗರಿಗೆ ಇದನ್ನು ಯಾರೂ ಬಿಡಿಸಿ ಹೇಳಿಕೊಡುವುದಿಲ್ಲ.

ಚೀಟಿ ಕೊಡದೆ ಚಾಕು ಇಟ್ಟುಕೊಂಡಿದ್ದು ಮಾತ್ರ ಖಂಡಿತ ತಪ್ಪು. ಅದನ್ನು ನಾನು ಸಮರ್ಥಿಸುವುದಿಲ್ಲ.

ಕರಿಕೋಟು (ಕೋಲಾರ):
ಹಿರಿಯರು ಹೇಳಿದ ಕೊನೆಯ ಮಾತಿಗೆ ಇಷ್ಟು ಸೇರಿಸುತ್ತೇನೆ. ಅನುಮಾನದ ಮೇಲೆ ವಸ್ತು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಪೊಲೀಸರಿಗೆ ಹೊಸ ಸಂಹಿತೆಯ ಕಲಂ 106ರಲ್ಲಿ ಇದೆ. ಆದರೆ ಅದನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕಲಂ 105ರ ಪ್ರಕಾರ ಶೋಧನೆ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕು, ಮೊಬೈಲಿನಲ್ಲಾದರೂ ಸರಿ. ಜಪ್ತಿ ಪಟ್ಟಿ ಆಗಬೇಕು. ಇದನ್ನು ರಸ್ತೆಯಲ್ಲೇ ಕೇಳುವ ಹಕ್ಕು ಜನರಿಗಿದೆ.

ಹಳೇ ಖಾಕಿ (ಚಿಂತಾಮಣಿ):
ಹಕ್ಕಿದೆ ಸರ್, ಇಲ್ಲ ಅನ್ನುತ್ತಿಲ್ಲ. ಆದರೆ ಕತ್ತಲಲ್ಲಿ ರಸ್ತೆ ಬದಿ ನಿಂತು ಕಲಂ ಹೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ. ನಷ್ಟ ಆಗುವುದು ಆ ಬಡ ಮನುಷ್ಯನಿಗೆ. ಅಲ್ಲಿ ಹೆಸರು, ಕೆಲಸ, ಯಾವ ತೋಟದಿಂದ ಬರುತ್ತಿದ್ದೀರಿ ಅನ್ನುವುದನ್ನು ಶಾಂತವಾಗಿ ಹೇಳಿ. ತೋಟದವರಿಗೆ ಫೋನ್ ಹಚ್ಚಿ ಕೊಡಿ. ಹಕ್ಕಿನ ಮಾತು ಬೆಳಗ್ಗೆ ಸ್ಟೇಷನ್ನಿನಲ್ಲಿ ಅಧಿಕಾರಿಯ ಮುಂದೆ ಕೇಳಿ.

ಕರಿಕೋಟು (ಕೋಲಾರ):
ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬೆಳಗ್ಗೆ ಕೇಳೋಣ ಅಂದವರ ವಸ್ತು ಎಷ್ಟೋ ಸಲ ವಾಪಸ್ ಬಂದಿಲ್ಲ, ಯಾರು ತೆಗೆದುಕೊಂಡರು ಅನ್ನುವುದಕ್ಕೆ ದಾಖಲೆಯೂ ಇರುವುದಿಲ್ಲ. ಜಗಳ ಬೇಡ, ನಿಜ. "ಸರ್, ಒಂದು ಚೀಟಿ ಬರೆದು ಕೊಡಿ" ಅಂತ ಮರ್ಯಾದೆಯಿಂದ ಕೇಳಿದರೆ ಅದು ಜಗಳ ಅಲ್ಲ. ಕೊಡದಿದ್ದರೆ ಹೊತ್ತು, ಜಾಗ, ಅವರ ಎದೆಯ ಮೇಲಿನ ಹೆಸರು, ಇಷ್ಟನ್ನು ಮನೆಗೆ ಬಂದ ತಕ್ಷಣ ಬರೆದಿಡಿ.

ರಾತ್ರಿ ಪಾಳಿ (ನರಸಾಪುರ):
ನಾನು ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತೇನೆ. ಪಾಳಿ ಮುಗಿದು ಬಸ್ ಇಳಿದರೆ ನಮ್ಮ ಊರಿಗೆ ಒಂದು ಕಿಲೋಮೀಟರ್ ನಡೆಯಬೇಕು, ದೀಪ ಇಲ್ಲ. ಬ್ಯಾಗಿನಲ್ಲಿ ಸಣ್ಣ ಚಾಕು ಇಟ್ಟುಕೊಂಡಿದ್ದೇನೆ. ಆನ್‌ಲೈನ್‌ನಲ್ಲಿ ತರಿಸಿದ್ದು, ಆತ್ಮರಕ್ಷಣೆಗೆ ಅಂತಲೇ ಡಬ್ಬಿ ಮೇಲೆ ಬರೆದಿತ್ತು. ಹೆಣ್ಣುಮಕ್ಕಳಿಗೆ ಪರವಾಗಿಲ್ಲ ಅನ್ನುತ್ತಾರೆ. ನಿಜವಾ ಸರ್?

ಕರಿಕೋಟು (ಕೋಲಾರ):
ತಂಗಿ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೂ ಸರಿಯಾದದ್ದನ್ನೇ ಹೇಳಬೇಕು. ಕಾಯ್ದೆಯ ಮಾತು ನೆನಪಿಸಿಕೊಳ್ಳಿ. ಹೊಡೆಯಲು ಅಥವಾ ರಕ್ಷಣೆಗೆ ಮಾಡಿದ್ದು ಆಯುಧ. ಹಣ್ಣು ಹೆಚ್ಚಲು ಅಂದರೆ ಅದು ಚಾಕು. ರಕ್ಷಣೆಗೆ ಅಂದ ತಕ್ಷಣ ಅದನ್ನು ಆಯುಧ ಅಂತ ನೀವೇ ಒಪ್ಪಿಕೊಂಡ ಹಾಗೆ. ಡಬ್ಬಿ ಮೇಲಿನ ಬರಹವೂ ನಿಮಗೆ ವಿರುದ್ಧವಾಗಿಯೇ ಓದಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳಿಗೆ ಬೇರೆ ನಿಯಮ ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ನಿಮ್ಮ ಮೇಲೆ ಯಾರಾದರೂ ಕೈ ಮಾಡಿದರೆ ತಡೆಯುವ ಹಕ್ಕು ಬೇರೆ. ಅದು ಹಳೇ ಐಪಿಸಿ ಬದಲು ಬಂದ ನ್ಯಾಯ ಸಂಹಿತೆಯ ಕಲಂ 34ರಿಂದ 44ರವರೆಗೆ ಇದೆ. ಆ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನು ಬಳಸಬಹುದು, ಅಪಾಯ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಹಾಗೆ. 2024ರಲ್ಲಿ ನಮ್ಮ ಹೈಕೋರ್ಟ್ ಪೆಪ್ಪರ್ ಸ್ಪ್ರೇಯನ್ನು ಕೂಡ ಅಪಾಯಕಾರಿ ಆಯುಧ ಅಂತ ನೋಡಿತು. ಜೀವಕ್ಕೆ ಅಪಾಯ ಇಲ್ಲದ ಜಗಳದಲ್ಲಿ ಬಳಸಿದ್ದರು, ಆದ್ದರಿಂದ ಕೇಸು ರದ್ದು ಮಾಡಲು ಒಪ್ಪಲಿಲ್ಲ.

ಹಳೇ ಖಾಕಿ (ಚಿಂತಾಮಣಿ):
ಮಗಳೇ, ಚಾಕು ಬೇಡ. ಅದಕ್ಕೆ ಕಾನೂನು ಒಂದೇ ಕಾರಣ ಅಲ್ಲ. ಕೈಯಿಂದ ಕಿತ್ತುಕೊಂಡು ನಿಮಗೇ ಚುಚ್ಚುತ್ತಾರೆ, ಅಂಥ ಕೇಸು ನಾನು ನೋಡಿದ್ದೇನೆ. 112 ಒತ್ತಿ. ಆ ಒಂದು ಕಿಲೋಮೀಟರಿಗೆ ದೀಪ ಬೇಕು, ಬೀಟ್ ಬೇಕು ಅಂತ ನಾಲ್ಕು ಜನ ಸೇರಿ ಪಂಚಾಯ್ತಿಗೂ ಸ್ಟೇಷನ್ನಿಗೂ ಅರ್ಜಿ ಕೊಡಿ. ಬರೆಯಲು ನಾನು ಸಹಾಯ ಮಾಡುತ್ತೇನೆ.

ರಾತ್ರಿ ಪಾಳಿ (ನರಸಾಪುರ):
ಆಗಲಿ ಅಂಕಲ್. ನಮ್ಮ ಲೈನಿನಲ್ಲಿ ಅದೇ ದಾರಿಯಲ್ಲಿ ನಡೆಯುವವರು ಏಳು ಜನ ಇದ್ದೇವೆ. ನಾಳೆ ಎಲ್ಲರಿಗೂ ಹೇಳುತ್ತೇನೆ.

ಹಸಿ ಕರಗ (ಕೋಲಾರ):
ಸುಮ್ನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಕರಗದಲ್ಲಿ ವೀರಕುಮಾರರು ಬಿಚ್ಚುಗತ್ತಿ ಹಿಡಿದು ಊರೆಲ್ಲ ಓಡುತ್ತಾರಲ್ಲ, ಅದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ. ಹೇಗೆ?

ಹಳೇ ಖಾಕಿ (ಚಿಂತಾಮಣಿ):
ಕರಗದ ದಿನ ಆ ಕತ್ತಿ ಯಾರ ಕೈಯಲ್ಲಿದೆ, ಯಾವ ಬೀದಿಯಲ್ಲಿ ಹೋಗುತ್ತದೆ, ಯಾವಾಗ ಗುಡಿಗೆ ವಾಪಸ್ ಬರುತ್ತದೆ, ಎಲ್ಲ ಇಲಾಖೆಗೆ ಮೊದಲೇ ಗೊತ್ತಿರುತ್ತದೆ. ನಾವೇ ಬಂದೋಬಸ್ತ್‌ನಲ್ಲಿ ಜೊತೆಗೆ ಓಡುತ್ತಿದ್ದೆವು. ಅದೇ ಕತ್ತಿ ಮಾರನೇ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಬಿಡುತ್ತಾರಾ?

ಬೆಟ್ಟದ ದಾರಿ (ಚಿಕ್ಕಬಳ್ಳಾಪುರ):
ನನ್ನದೂ ಒಂದು ಅನುಭವ. ದೇವನಹಳ್ಳಿ ವಿಮಾನ ನಿಲ್ದಾಣ ನಮಗೆ ಹತ್ತಿರ. ಹೋದ ವರ್ಷ ಕೀಚೈನಿನಲ್ಲಿದ್ದ ಸಣ್ಣ ಮಡಚುವ ಚಾಕು ಮರೆತು ಕೈಚೀಲದಲ್ಲೇ ಉಳಿದಿತ್ತು. ಅಲ್ಲಿ ಕೇಸು ಗೀಸು ಏನೂ ಇಲ್ಲ, ತೆಗೆದು ಪಕ್ಕಕ್ಕೆ ಹಾಕಿದರು. ಚೆಕ್-ಇನ್ ಬ್ಯಾಗಿನಲ್ಲಿ ಹಾಕಿದ್ದರೆ ಹೋಗುತ್ತಿತ್ತು. ನನ್ನ ಅಣ್ಣ ಕೊಟ್ಟಿದ್ದು, ಇವತ್ತಿಗೂ ಮನಸ್ಸಿಗೆ ಕಷ್ಟ. ಬೆಂಗಳೂರು ಮೆಟ್ರೋ ಹತ್ತುವವರೂ ಚಾಕು ಮನೆಯಲ್ಲೇ ಬಿಡಿ, ಸ್ಕ್ಯಾನರಿನಲ್ಲಿ ಸಿಕ್ಕಿಬೀಳುತ್ತದೆ.

ರೇಷ್ಮೆಗೂಡು (ಶಿಡ್ಲಘಟ್ಟ):
ಹಿಪ್ಪುನೇರಳೆ ಕೊಯ್ಯುವ ಹೆಂಗಸರು ಸಂಜೆ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಸ್ ಹತ್ತುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ, ಕೇಳಲೂ ಬಾರದು. ಆದರೆ ಹದಿನೆಂಟು ಇಪ್ಪತ್ತರ ಹುಡುಗ ಅದನ್ನೇ ಇಟ್ಟುಕೊಂಡರೆ ನಾಲ್ಕು ಪ್ರಶ್ನೆ ಬರುತ್ತದೆ. ವಯಸ್ಸು, ಬಟ್ಟೆ, ಕೇರಿ ನೋಡಿ ತೀರ್ಮಾನ ಆಗುತ್ತದೆ ಅನ್ನುವುದೇ ನನಗೆ ಸರಿ ಕಾಣುವುದಿಲ್ಲ. ಕಸಿ ಕೆಲಸದವರ ಹತ್ತಿರ ಕಾರು ಇದ್ದು, ಚಾಕು ಅದರೊಳಗೆ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ?

ಹಳೇ ಖಾಕಿ (ಚಿಂತಾಮಣಿ):
ಆಗುತ್ತಿರಲಿಲ್ಲ. ನೀವು ಹೇಳಿದ್ದು ನಿಜ.

ಮಾವಿನತೋಪು (ಶ್ರೀನಿವಾಸಪುರ):
ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಸೋಮವಾರ ಹೋಗುತ್ತೇನೆ. ಏನೇನು ತೆಗೆದುಕೊಂಡು ಹೋಗಲಿ?

ಕರಿಕೋಟು (ಕೋಲಾರ):
ತೋಟದ ಯಜಮಾನರು ಜೊತೆಗೆ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ನರ್ಸರಿಯಿಂದ ಕೂಲಿ ಪಡೆದ ಚೀಟಿ, ಆಧಾರ್, ಕಸಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ, ಉಳಿದ ಸಾಮಾನು, ಎಲ್ಲ ಒಯ್ಯಿರಿ. ಒಂದು ಮನವಿ ಬರೆಯಿರಿ: ನಾನು ಕಸಿ ಕಟ್ಟುವ ಕೆಲಸದವನು, ಇಂಥ ದಿನ ಇಷ್ಟು ಹೊತ್ತಿಗೆ ನನ್ನ ಕೆಲಸದ ಚಾಕು ತೆಗೆದುಕೊಂಡಿದ್ದಾರೆ, ವಾಪಸ್ ಕೊಡಿ ಅಥವಾ ಜಪ್ತಿ ಪಟ್ಟಿ ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಖಾಲಿ ಹಾಳೆಗೆ ಮಾತ್ರ ಸಹಿ ಬೇಡ. ತೊಂದರೆ ಆದರೆ ಕಾನೂನು ಸೇವಾ ಪ್ರಾಧಿಕಾರದ 15100 ನಂಬರಿಗೆ ಫೋನ್ ಮಾಡಿ.

ಹಳೇ ಖಾಕಿ (ಚಿಂತಾಮಣಿ):
ಇನ್ನು ಮುಂದೆ ಚಾಕು ಜೇಬಿನಲ್ಲಿ ಬೇಡಪ್ಪ. ಒಂದು ಡಬ್ಬಿಯಲ್ಲಿ ಪಟ್ಟಿ, ಕತ್ತರಿ, ಸಾಣೆಕಲ್ಲು, ಅದರ ಜೊತೆಗೆ ಚಾಕು ಇಡಿ. ಡಬ್ಬಿ ತೆಗೆದರೆ ಸಾಕು, ನೋಡಿದವರಿಗೆ ನಿಮ್ಮ ಕೆಲಸ ಗೊತ್ತಾಗುತ್ತದೆ.

ಮಾವಿನತೋಪು (ಶ್ರೀನಿವಾಸಪುರ):
ಹೋಗಿ ಬಂದೆ. ಯಜಮಾನರು ಜೊತೆಗೆ ಬಂದಿದ್ದರು. ಅಧಿಕಾರಿ ಬೇರೆಯವರಿದ್ದರು. ಮನವಿ ಓದಿದರು, ಡ್ರಾಯರಿನಿಂದ ಚಾಕು ತೆಗೆಸಿದರು. ಅಲಗು ಬಿಡಿಸಿ, "ಇದಕ್ಕೆ ಬಟನ್ ಎಲ್ಲಿದೆ?" ಅಂತ ಪಕ್ಕದವರನ್ನು ಕೇಳಿದರು. ಅವರು ಏನೂ ಮಾತಾಡಲಿಲ್ಲ. ಆಮೇಲೆ ಅವರ ಮನೆಯಲ್ಲಿ ಒಂದು ಮಾವಿನ ಗಿಡ ಇದೆಯಂತೆ, ಹಣ್ಣು ಹುಳಿ, ಕಸಿ ಮಾಡಬಹುದಾ ಅಂತ ವಿಚಾರಿಸಿದರು. ಗಿಡದ ವಯಸ್ಸು ಕೇಳಿ, ಆಗುತ್ತದೆ ಅಂದೆ. ಸಹಿ ಮಾಡಿಸಿಕೊಂಡು ಚಾಕು ಕೊಟ್ಟರು. ಸಹಿ ಹಾಕುವ ಮೊದಲು ಏನು ಬರೆದಿದೆ ಅಂತ ಪೂರ್ತಿ ಓದಿಕೊಂಡೆ.

ಬರುವಾಗ ಎರಡು ಸ್ಟೀಲ್ ಡಬ್ಬಿ ತಂದೆ. ಒಂದನ್ನು ಹುಡುಗನ ಮನೆಗೆ ತೆಗೆದುಕೊಂಡು ಹೋದೆ. ಕರಿಕೋಟು ಸರ್ ಬರೆದದ್ದನ್ನು ಅವನ ತಾಯಿಗೆ ಓದಿ ಹೇಳಿದೆ. ಅವರು ಡಬ್ಬಿ ತೆಗೆದು ಒಳಗೆಲ್ಲ ನೋಡಿದರು, ಕತ್ತಲಾಗುವ ಮೊದಲು ಮನೆಗೆ ಬಿಡಬೇಕು ಅಂದರು. ಒಪ್ಪಿದ್ದೇನೆ. ಕಸಿಗೆ ಇಟ್ಟುಕೊಂಡ ಕಡ್ಡಿಗಳ ಎಲೆ ತೆಗೆದು ಇವತ್ತಿಗೆ ಒಂಬತ್ತು ದಿನ, ಮೊಗ್ಗು ಉಬ್ಬಿವೆ. ನಾಳೆ ಬೆಳಗ್ಗೆ ಆರಕ್ಕೆ ಇಬ್ಬರೂ ಹೊರಡುತ್ತೇವೆ.